ದೋಣಿಯೊಳಗೆ ಸಾಗವಾನಿ: ಎರಡು ಸಲ ಮಾಡಬೇಕಾದ ಒಂದು ಕೆಲಸ

ಬೀದರಿನಲ್ಲಿ ಕೂತು ದೋಣಿಯ ಬಗ್ಗೆ ಬರೆಯುತ್ತಿದ್ದೇನೆ ಅಂದರೆ ಯಾರಿಗಾದರೂ ನಗು ಬರುತ್ತೆ. ನಮ್ಮ ಕಡೆಯವರಿಗೆ ದೋಣಿ ಅಂದರೆ ಕೃಷ್ಣಾ ನದಿಯ ಹರಗೋಲು. ದೊಡ್ಡ ಬಿದಿರಿನ ಬುಟ್ಟಿ, ಅಷ್ಟೇ. ಅದರೊಳಗೆ ಪಾಲಿಶ್ ಮಾಡೋವಂಥದ್ದು ಏನೂ ಇರಲ್ಲ. ನಾನು ಮಾಡೋದು ಮನೆಗಳ ಒಳಾಂಗಣ ಕೆಲಸ. ವಾರ್ಡ್‌ರೋಬ್, ಟಿವಿ ಯೂನಿಟ್, ದೇವರ ಮನೆ ಬಾಗಿಲು. ವೆನೀರ್, ಅಂದರೆ ಮರದ ತೆಳು ಎಲೆ ಅಂಟಿಸೋ ಕೆಲಸ ಕೈಗೆ ಹತ್ತಿದ್ದು, ಅದರಲ್ಲಿ ಸ್ವಲ್ಪ ಹೆಸರೂ ಇದೆ. ಆ ಹೆಸರಿನ ಧೈರ್ಯದ ಮೇಲೆಯೇ ಈ ಕೆಲಸ ಒಪ್ಪಿಕೊಂಡು ಕೆಟ್ಟೆ.

ದೋಣಿಯ ಮಾಲೀಕರು ಬರೆಯಲು ಒಪ್ಪಿದ್ದಾರೆ. ಅವರನ್ನು ಇಲ್ಲಿ ಸಾವ್ಕಾರ್ರು ಅಂತ ಕರೆಯುತ್ತೇನೆ. ಊರು, ದೋಣಿಯ ಹೆಸರು ಬೇಡ. ನಮ್ಮ ಸೀಮೆಯಲ್ಲಿ ಕಾರಂಜಾ ಜಲಾಶಯ ಇದೆ, ಕೆಳಗೆ ಯಾದಗಿರಿ ಕಡೆ ಹೋದರೆ ನಾರಾಯಣಪುರದ ಬಸವಸಾಗರ ಇದೆ. ಅಂಥದ್ದೊಂದು ಹಿನ್ನೀರು ಅಂದುಕೊಳ್ಳಿ, ಸಾಕು.

ಬಂದ ದೋಣಿ

26 ಅಡಿ ಉದ್ದದ ಫೈಬರ್ ದೋಣಿ. ಮುಂಭಾಗದಲ್ಲಿ ಒಂದು ಸಣ್ಣ ಕ್ಯಾಬಿನ್. ಎರಡು ಕಡೆ ಬೆಂಚು, ನಡುವೆ ಟೇಬಲ್, ಒಂದು ಕಪಾಟು, ಎರಡೂ ಪಕ್ಕದಲ್ಲಿ ಉದ್ದನೆಯ ಅಕ್ರಿಲಿಕ್ ಕಿಟಕಿ. ಕರಾವಳಿಯಲ್ಲಿ ಓಡಿ ದಣಿದದ್ದನ್ನು ಸಾವ್ಕಾರ್ರು ಸೆಕೆಂಡ್‌ಹ್ಯಾಂಡ್ ಕೊಂಡು ಲಾರಿ ಮೇಲೆ ಹಾಕಿಸಿಕೊಂಡು ಬಂದಿದ್ದರು. ದೀಪಾವಳಿ ಮುಗಿದ ವಾರ ನಮ್ಮ ವರ್ಕ್‌ಶಾಪಿನ ಅಂಗಳಕ್ಕೆ ಬಂತು. ಓಣಿ ಹುಡುಗರೆಲ್ಲ ನೋಡೋಕೆ ಬಂದಿದ್ದರು.

ಒಳಗಿನ ಹಳೆಯ ಮರದ ಪದರ ಬೂದಿ ಬಣ್ಣಕ್ಕೆ ತಿರುಗಿತ್ತು. ಕಿಟಕಿಯ ಕೆಳಗೆ ಉಗುರು ಹಾಕಿದರೆ ಈರುಳ್ಳಿ ಸಿಪ್ಪೆ ಥರ ಏಳುತ್ತಿತ್ತು. ಬಾಗಿಲು ತೆಗೆದ ತಕ್ಷಣ ಮಳೆಗಾಲದಲ್ಲಿ ನೆನೆದ ಗೋಣಿಚೀಲದ ವಾಸನೆ. "ಹಳೇದು ಅಲ್ವಾ, ವಾಸನೆ ಇದ್ದೇ ಇರುತ್ತೆ" ಅಂದೆ. ಆ ವಾಸನೆ ಎಲ್ಲಿಂದ ಬರ್ತಿದೆ ಅಂತ ಒಂದು ದಿನ ಹುಡುಕಿದ್ದರೆ ಈ ಬರಹ ಇರುತ್ತಿರಲಿಲ್ಲ.

ಸಾವ್ಕಾರ್ರ ಬೇಡಿಕೆ ಸರಳ. ಒಳಗೆಲ್ಲ ಸಾಗವಾನಿ ಕಾಣಬೇಕು. ಎಳ್ಳಮಾವಾಸ್ಯೆಗೆ ದೋಣಿ ನೀರಿಗಿಳಿಯಬೇಕು. ನಮ್ಮಲ್ಲಿ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತೆ. ಅವರ ಹೊಲ ಹಿನ್ನೀರಿನ ದಂಡೆಗೇ ಇತ್ತು. ನೆಂಟರಿಷ್ಟರಿಗೆಲ್ಲ ಆಗಲೇ ಹೇಳಿಬಿಟ್ಟಿದ್ದರು. ನಮಗೆ ಸಿಕ್ಕಿದ್ದು ಏಳು ವಾರ.

ಮೊದಲ ಸಲ

ವೆನೀರ್ ಅಂದರೆ ಮರದ ದಿಮ್ಮಿಯಿಂದ ಹೆರೆದು ತೆಗೆದ ಎಲೆ. ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪ, ನಿಮ್ಮ ಉಗುರಿನಷ್ಟು. ಅಂಗಡಿಯಲ್ಲಿ ಅದು ಸಾಮಾನ್ಯವಾಗಿ ತೆಳು ಪ್ಲೈ ಮೇಲೆ ಅಂಟಿಸಿದ 4 ಮಿಲಿಮೀಟರ್ ಹಲಗೆಯಾಗಿ ಬರುತ್ತೆ, 8 ಅಡಿಗೆ 4 ಅಡಿ. ಮನೆಯ ಗೋಡೆಗೆ ಅದು ಸರಿ. ದೋಣಿಯ ಪಕ್ಕೆ ಮಾತ್ರ ಎಲ್ಲಾ ಕಡೆ ಬಾಗಿರುತ್ತೆ. ಹಾಗಾಗಿ ಹೈದರಾಬಾದಿನಿಂದ ಬಿಡಿ ಎಲೆಗಳ ಒಂದು ಕಟ್ಟು ತರಿಸಿದೆ. ಒಂದೇ ದಿಮ್ಮಿಯ ಎಲೆಗಳು, ಒಂದರ ಪಕ್ಕ ಒಂದು ತೆರೆದಿಟ್ಟರೆ ಪುಸ್ತಕದ ಪುಟದ ಹಾಗೆ ಎಳೆಗೆ ಎಳೆ ಕೂಡುತ್ತಿತ್ತು. ನೋಡಲು ಬಹಳ ಚಂದ.

ಕೊಳೆತಿದ್ದ ಪ್ಲೈ ಕಿತ್ತೆವು. ಗಟ್ಟಿ ಇದ್ದ ಕಡೆ ಪುಟ್ಟಿ ಹಾಕಿ ಮಟ್ಟ ಮಾಡಿದೆವು. ಪ್ಲೈ ಇಲ್ಲದ ಬಾಗಿದ ಪಕ್ಕೆಗಳಲ್ಲಿ ಫೈಬರನ್ನು ಉಜ್ಜಿ ಎಲೆಯನ್ನು ನೇರವಾಗಿ ಅದರ ಮೇಲೇ ಅಂಟಿಸಿದೆವು. ಅಂಟು ಯಾವುದು? ನಾವು ದಿನಾ ಬಳಸೋ ಹಳದಿ ರಬ್ಬರ್ ಗಮ್ಮೇ. ಎರಡೂ ಕಡೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಒತ್ತಿದರೆ ಅಲ್ಲೇ ಹಿಡಿಯುತ್ತೆ. ಕ್ಲಾಂಪ್ ಬೇಡ, ತೂಕ ಬೇಡ. ಬಾಗಿದ ಜಾಗದಲ್ಲಿ ಕ್ಲಾಂಪ್ ಹಾಕೋದಾದರೂ ಹೇಗೆ? ಈ ಸಲೀಸಿಗೇ ನಾನು ಮರುಳಾದೆ. ಅಂಚುಗಳಲ್ಲಿ ಏಳದಿರಲಿ ಅಂತ ಅಲ್ಲಲ್ಲಿ ಸಣ್ಣ ಕಬ್ಬಿಣದ ಪಿನ್ನು ಹೊಡೆದೆವು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಎರಡನೇ ದಿನ ಕ್ಯಾಬಿನ್ನಿನಿಂದ ಹೊರಬಂದ ಹುಡುಗ ತಲೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟ. ಆ ಗಮ್ಮಿನ ಆವಿ ಗಾಳಿಗಿಂತ ಭಾರ. ದೋಣಿ ಅಂದರೆ ತಳ ಮುಚ್ಚಿದ ತೊಟ್ಟಿ, ಆವಿ ಒಳಗೇ ನಿಲ್ಲುತ್ತೆ. ಬೆಂಕಿಯ ಒಂದು ಕಿಡಿ ಸಾಕು. ಆಮೇಲೆ ಗಾಳಿ ಎಳೆಯೋ ಫ್ಯಾನನ್ನು ಹೊರಗಿಟ್ಟು, ಅದಕ್ಕೆ ಪೈಪ್ ಕಟ್ಟಿ ತಳದಿಂದ ಆವಿ ಎಳೆದೆವು. ಮೊದಲ ದಿನವೇ ಮಾಡಬೇಕಿತ್ತು.

ಟೇಬಲ್ಲಿನ ಕಥೆಯೂ ಇದೆ. ಅಭ್ಯಾಸಬಲದಿಂದ ರಸಮಟ್ಟ ಇಟ್ಟು, ಗುಳ್ಳೆ ನಡುವೆ ಬರೋ ಹಾಗೆ ಟೇಬಲ್ ಕೂರಿಸಿದೆ. ದೋಣಿ ನಿಂತಿದ್ದದ್ದು ನಮ್ಮ ಅಂಗಳದ ದಿಮ್ಮಿಗಳ ಮೇಲೆ, ಮೂತಿ ಸ್ವಲ್ಪ ಕೆಳಕ್ಕೆ. ನೀರಿನಲ್ಲಿ ಅದು ಹೇಗೆ ಕೂರುತ್ತೆ ಅನ್ನೋದು ರಸಮಟ್ಟಕ್ಕೇನು ಗೊತ್ತು? ದೋಣಿಯೊಳಗೆ ಯಾವ ಮೂಲೆಯೂ ಗುಣಿಯಲ್ಲಿ (ಲಂಬಕೋನದಲ್ಲಿ) ಇರಲ್ಲ, ಯಾವ ಗೋಡೆಯೂ ನೆಟ್ಟಗಿರಲ್ಲ. ನೀರಿನ ಗೆರೆ ಎಲ್ಲಿ ಬರುತ್ತೆ ಅಂತ ಹೊರಗೆ ಗುರುತು ಹಾಕಿಕೊಂಡು, ಅದನ್ನು ಟೇಪಿನಲ್ಲಿ ಒಳಗೆ ತರಬೇಕು. ಉಳಿದದ್ದಕ್ಕೆಲ್ಲ ರಟ್ಟು ಕತ್ತರಿಸಿ ಅಚ್ಚು ತೆಗೆಯಬೇಕು. ಇದು ಎರಡನೇ ಸಲಕ್ಕೆ ಕಲಿತದ್ದು.

ಮೆಲಮೈನ್ ಪಾಲಿಶ್ ಹೊಡೆದು ಮುಗಿಸಿದಾಗ ಕ್ಯಾಬಿನ್ ಚಿನ್ನದ ಡಬ್ಬಿ ಹಾಗೆ ಹೊಳೆಯುತ್ತಿತ್ತು. ಎಳ್ಳಮಾವಾಸ್ಯೆ ದಿನ ನಾನೂ ಹೋಗಿದ್ದೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ನೆಂಟರ ಹೊಗಳಿಕೆ. ಟೇಬಲ್ ಮೇಲಿಟ್ಟ ಅಂಬಲಿ ಲೋಟ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿತ್ತು. ಯಾರೂ ಗಮನಿಸಲಿಲ್ಲ ಅಂದುಕೊಂಡೆ.

ಕೆಟ್ಟದ್ದು ಹೇಗೆ

ಜನವರಿ ಕೊನೆಗೆ ಮೊದಲ ಫೋನು. ಎಡಗಡೆ ಕಿಟಕಿಯ ಕೆಳಗೆ ಕಪ್ಪು ಚುಕ್ಕಿಗಳು. ಹೋಗಿ ನೋಡಿದರೆ ಒಂದೊಂದು ಪಿನ್ನಿನ ಸುತ್ತಲೂ ಮಸಿ ಚೆಲ್ಲಿದ ಹಾಗೆ ಕಲೆ. ಮಸಿ ಅಂದದ್ದು ಸುಮ್ನೆ ಅಲ್ಲ. ಹಿಂದೆ ಅಳಲೆಕಾಯಿ ಒಗರಿಗೆ ಕಬ್ಬಿಣ ಸೇರಿಸಿಯೇ ಬರೆಯುವ ಮಸಿ ಮಾಡುತ್ತಿದ್ದರು. ಮರದಲ್ಲೂ ಆ ಒಗರು ಇರುತ್ತೆ. ಕಬ್ಬಿಣದ ಪಿನ್ನು ಇದೆ, ನೀರು ಸೇರಿದರೆ ಮಸಿ ತಯಾರು. ಅಂದರೆ ಅಲ್ಲಿಗೆ ನೀರು ಬರುತ್ತಿತ್ತು.

ಆಗ ನಾನು ಮಾಡಿದ್ದು ಎಲ್ಲರೂ ಮಾಡೋ ಕೆಲಸ. ಕಿಟಕಿಯ ಸುತ್ತ ಹೊರಗಿನಿಂದ ಸಿಲಿಕಾನ್ ಮೆತ್ತಿದೆ. ಕಲೆಯ ಮೇಲೆ ಉಜ್ಜಿದೆ. ಅರ್ಧ ಮಿಲಿಮೀಟರ್ ಮರವನ್ನು ಎಷ್ಟು ಅಂತ ಉಜ್ಜೋದು? ಒಂದು ಕಡೆ ಮರ ಸವೆದು ಕೆಳಗಿನ ಪುಟ್ಟಿ ಇಣುಕಿತು. ಬಣ್ಣ ತೀಡಿ ಮುಚ್ಚಿದೆ. ಫೆಬ್ರವರಿಯಲ್ಲಿ ಒಂದು ಅಕಾಲ ಮಳೆ ಬಿತ್ತು, ಕಲೆ ಮತ್ತೆ ಬಂತು. ಮತ್ತೆ ಸಿಲಿಕಾನ್.

ಯುಗಾದಿ ಆದ ಮೇಲೆ ನಿಜವಾದ ಹೊಡೆತ. ಬಾಗಿದ ಪಕ್ಕೆಗಳಲ್ಲಿ ಎಲೆ ಉಬ್ಬಿ ನಿಂತಿತು, ಪೂರಿ ಹಾಗೆ. ಮುಂದಿನ ಅಡ್ಡಗೋಡೆಯಲ್ಲಿ ಎಳೆಯ ಉದ್ದಕ್ಕೂ ಕೂದಲಿನಂಥ ಸೀಳು. ಸಾವ್ಕಾರ್ರು ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ.

"ಅಲ್ರಿ, ನೀರಾಗ ಇರೋ ದೋಣಿ. ಒಣಗಿ ಹ್ಯಾಂಗ್ರಿ ಸೀಳ್ತದ ಇದು?"

ಮಧ್ಯಾಹ್ನ ಮೂರಕ್ಕೆ ಕ್ಯಾಬಿನ್ ಮುಚ್ಚಿ, ಒಳಗೊಂದು ಥರ್ಮಾಮೀಟರ್ ಇಟ್ಟೆ. ಹೊರಗೆ 42 ಡಿಗ್ರಿ. ಒಳಗೆ 54. ಆ ಬಿಸಿಗೆ ರಬ್ಬರ್ ಗಮ್ ಮೆತ್ತಗಾಗುತ್ತೆ, ಎಲೆಯನ್ನು ಬಿಗಿಯಾಗಿ ಹಿಡಿಯೋ ಶಕ್ತಿ ಹೋಗುತ್ತೆ. ಅದೇ ಹೊತ್ತಿಗೆ ಒಣ ಬಿಸಿಗೆ ಎಲೆ ಅಡ್ಡಕ್ಕೆ ಕುಗ್ಗುತ್ತೆ. ಮರ ಉದ್ದಕ್ಕೆ ಅಷ್ಟಾಗಿ ಅಲುಗಲ್ಲ, ಅಡ್ಡಕ್ಕೆ ಮಾತ್ರ ಜಾಸ್ತಿ. ಚಳಿಗಾಲದ ತೇವದಲ್ಲಿ ಅಂಟಿಸಿದ ಎಲೆ ಏಪ್ರಿಲ್‌ನಲ್ಲಿ ಕುಗ್ಗಿದರೆ ಹಿಡಿತ ಬಿಗಿಯಿದ್ದ ಕಡೆ ಸೀಳುತ್ತೆ, ಸಡಿಲಿದ್ದ ಕಡೆ ಏಳುತ್ತೆ. ಹೊರಗೆ ಕಣ್ಣು ಹಾಯಿಸಿದಷ್ಟೂ ನೀರಿದ್ದರೇನು, ಮುಚ್ಚಿದ ಕ್ಯಾಬಿನ್ ಒಂದು ಒಲೆ.

ಮೊದಲು ಸಿರಿಂಜಿನಲ್ಲಿ ಗಮ್ ಚುಚ್ಚಿ, ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿದೆವು. ಮೂರು ವಾರ ನಿಂತಿತು. ಆಮೇಲೆ ಅದೇ ಉಬ್ಬು, ಪಕ್ಕದಲ್ಲಿ ಇನ್ನೆರಡು.

ಚಾಚಾನ ಸುಣ್ಣದ ಕಡ್ಡಿ

ನಮ್ಮ ವರ್ಕ್‌ಶಾಪಿನಲ್ಲಿ ಒಬ್ಬ ಹಿರಿಯ ಬಡಗಿ ಇದ್ದಾರೆ. ಎಲ್ಲರಿಗೂ ಚಾಚಾ. ಮೊದಲ ಸಲ ಕೆಲಸ ನಡೆದಾಗ ಅವರು ಮೊಮ್ಮಗಳ ಮದುವೆಗೆ ಹೋಗಿದ್ದರು. ಈಗ ಕರೆದುಕೊಂಡು ಹೋದೆ. ಅವರು ಏನನ್ನೂ ಮುಟ್ಟಲಿಲ್ಲ. ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ಗೋಡೆಯುದ್ದಕ್ಕೂ ಟಕ್ ಟಕ್ ಬಡಿಯುತ್ತಾ ಬಂದರು. ಟೊಳ್ಳು ಸದ್ದು ಬಂದ ಕಡೆ ಸುಣ್ಣದ ಕಡ್ಡಿಯಲ್ಲಿ ಸುತ್ತು ಹಾಕಿದರು. ಅರ್ಧ ತಾಸಿನಲ್ಲಿ ಕ್ಯಾಬಿನ್ ತುಂಬ ಬಿಳಿ ಸುತ್ತು.

ಆಮೇಲೆ ಬೆಂಚಿನ ಮೇಲೆ ಕೂತು ನೋಡಿದೆವು. ಉಬ್ಬುಗಳೆಲ್ಲ ಸಂಜೆ ಬಿಸಿಲು ಬೀಳೋ ಪಕ್ಕದಲ್ಲೇ ಜಾಸ್ತಿ. ಅದು ಅರ್ಥವಾಯಿತು. ಆದರೆ ಎಡಗಡೆ, ಕಿಟಕಿಯಿಂದ ಒಂದು ಮೊಳ ಮುಂದೆ, ನೆರಳಿನ ಜಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಉದ್ದನೆಯ ಟೊಳ್ಳು. ಅಲ್ಲಿ ಕಲೆಯೂ ಇಲ್ಲ, ಉಬ್ಬೂ ಇಲ್ಲ. ಕಣ್ಣಿಗೆ ಚೆನ್ನಾಗೇ ಇತ್ತು.

"ಇದನ್ನ ಬಿಚ್ಚು ತಮ್ಮಾ" ಅಂದರು.

ಹಳೆಯ ಪ್ಲೈ ಸಮೇತ ಆ ಭಾಗ ಕಿತ್ತೆ. ಹಿಂದುಗಡೆ ಕರಿ ಬೂಷ್ಟು, ಒದ್ದೆ ಹತ್ತಿ ಥರ. ಫೈಬರ್ ಮೇಲೆ ಸಾಲಾಗಿ ನೀರಿನ ಹನಿ. ಅದೇ ಗೋಣಿಚೀಲದ ವಾಸನೆ.

"ಮುಂದಿಂದ ಹಾಳಾಗ್ಯಾದ ಅಂತ ನೀ ಮುಂದ ಉಜ್ಜಲತ್ತಿದಿ. ಇದು ಹಿಂದಿಂದ ಹಾಳಾಗ್ಯಾದ."

ಈ ಪ್ರಕರಣದಲ್ಲಿ ನನಗೆ ನಾಚಿಕೆ ತರಿಸಿದ ಕ್ಷಣ ಅದು. ಕೆಲಸಕ್ಕೆ ತಿರುವು ಸಿಕ್ಕಿದ್ದೂ ಅಲ್ಲೇ.

ಮರುದಿನ ಸೋರಿಕೆ ಹುಡುಕಿದೆವು. ಒಳಗೆ ಬಿಚ್ಚಿದ ಜಾಗದ ಮೇಲೆಲ್ಲ ಸುಣ್ಣದ ಪುಡಿ ಉದುರಿಸಿ ಮೆತ್ತಿದೆವು. ಹುಡುಗ ಹೊರಗೆ ಪೈಪು ಹಿಡಿದು, ಕೆಳಗಿನಿಂದ ಶುರು ಮಾಡಿ, ಒಂದೊಂದು ಗೇಣಿಗೆ ಹತ್ತು ನಿಮಿಷ ನೀರು ಬಿಡುತ್ತಾ ಮೇಲೆ ಹೋದ. ಕೆಳಗಿನಿಂದಲೇ ಯಾಕೆ ಅಂದರೆ, ಮೇಲಿನಿಂದ ಬಿಟ್ಟರೆ ನೀರು ಎಲ್ಲದರ ಮೇಲೂ ಹರಿದು ಯಾವ ತೂತು ಅಂತ ಗೊತ್ತಾಗಲ್ಲ. ಕಿಟಕಿಯ ಮಟ್ಟಕ್ಕೆ ಬಂದಾಗ ಪುಡಿ ಒಣಗೇ ಇತ್ತು. ಕಿಟಕಿ ದಾಟಿ ಚಾವಣಿಗೆ ಹೋದಾಗ, ಹಿಡಿಕೆಯ ಕಂಬಿಯ ಸ್ಕ್ರೂ ಹತ್ತಿರ ನೀರು ಬಿಟ್ಟು ಏಳನೇ ನಿಮಿಷಕ್ಕೆ, ಪುಡಿಯ ಮೇಲೆ ಕಂದು ಗೆರೆಯೊಂದು ಇಳಿಯತೊಡಗಿತು. ಅದು ಇಳಿದು, ಕಿಟಕಿಯ ಚೌಕಟ್ಟು ಸಿಕ್ಕಿದ ಮೇಲೆ ಅದರ ಗುಂಟ ಓರೆಯಾಗಿ ಹರಿದು, ನನ್ನ ಕಪ್ಪು ಕಲೆಗಳ ಹತ್ತಿರ ಬಂದು ನಿಂತಿತು. ನಾನು ಎರಡು ಸಲ ಸಿಲಿಕಾನ್ ಮೆತ್ತಿದ್ದ ಕಿಟಕಿಯಿಂದ ಒಂದು ಹನಿಯೂ ಬಂದಿರಲಿಲ್ಲ.

ಹನಿಗಳಿಗೆ ಇನ್ನೊಂದು ಕಾರಣವೂ ಇತ್ತು. ಚಳಿಗಾಲದಲ್ಲಿ ಸಾವ್ಕಾರ್ರ ಮಗ ಗೆಳೆಯರೊಂದಿಗೆ ಒಳಗೆ ಮಲಗುತ್ತಿದ್ದ. ನಾಲ್ಕು ಜನರ ಉಸಿರು, ಹೊರಗಿನ ತಂಪಿಗೆ ತಣ್ಣಗಾದ ಫೈಬರ್. ತಣ್ಣೀರಿನ ಚೊಂಬಿನ ಹೊರಗೆ ಬೆವರೊಡೆಯುತ್ತಲ್ಲ, ಹಾಗೇ. ಗಾಳಿ ಆಡದ ಜಾಗ, ಬೆವರು ಒಣಗೋದು ಎಲ್ಲಿಂದ?

ಸನ್‌ಮೈಕಾ ಜಗಳ

ಸಾವ್ಕಾರ್ರಿಗೆ ಸಾಕಾಗಿತ್ತು. "ಸನ್‌ಮೈಕಾ ಹಚ್ಚಿಬಿಡ್ರಿ, ಒರೆಸಿದ್ರ ಮುಗೀತು" ಅಂದರು. ಅದರಲ್ಲಿ ತಪ್ಪಿಲ್ಲ. ಮುಖದ ಕಡೆ ಸನ್‌ಮೈಕಾ ನೀರಿಗೆ ಹೆದರಲ್ಲ. ಆದರೆ ಹಿಂದಿನ ತೇವ ಹಾಗೇ ಇದ್ದರೆ ಅದೂ ಎದ್ದೇ ಏಳುತ್ತೆ, ಎರಡು ವರ್ಷ ತಡವಾಗಿ. ನಾನು ಹಿಂದುಗಡೆ ಮೊದಲು ಸರಿ ಮಾಡ್ತೀನಿ, ಮುಖಕ್ಕೆ ಏನು ಅಂತ ಆಮೇಲೆ ನೋಡೋಣ ಅಂದೆ. ಎರಡನೇ ಸಲದ ಕೂಲಿ ನನ್ನದು, ಮಾಲು ಅವರದು ಅಂತ ಮಾತಾಯಿತು. ಅಂಟಿಸಿದ್ದನ್ನೆಲ್ಲ ಕೀಳುವ ಈ ತೀರ್ಮಾನಕ್ಕೆ ಬರೋಕೆ ನನಗೆ ಎರಡು ರಾತ್ರಿ ಹಿಡಿಯಿತು. ಅಲ್ಲಲ್ಲಿ ತೇಪೆ ಹಾಕಿ ದಾಟಿಸಬಹುದಾ ಅಂತ ಲೆಕ್ಕ ಹಾಕುತ್ತಲೇ ಇದ್ದೆ.

ಹಿಂದೆ ಗಾಳಿ ಇರಬೇಕು ಅನ್ನೋದಕ್ಕೆ ಚಾಚಾ ಬೀದರಿನ ಕೋಟೆಯನ್ನೇ ಸಾಕ್ಷಿಗೆ ಕರೆದರು. ರಂಗೀನ್ ಮಹಲಿನ ಕೆತ್ತನೆ ಕಂಬಗಳು ಮರದವು, ಬರೀದ್‌ಶಾಹಿಗಳ ಕಾಲದವು. "ನಾಕೂ ಕಡಿ ಗಾಳಿ ಆಡ್ತದ, ಅದಕ್ಕೇ ನಿಂತಾವ." ಇತಿಹಾಸದವರು ಒಪ್ಪುತ್ತಾರೋ ಇಲ್ಲವೋ, ಬಡಗಿಗೆ ಅದು ಸಾಕಾದ ಕಾರಣ.

ಎರಡನೇ ಸಲ

ಚಾವಣಿಯ ಕಂಬಿ ಬಿಚ್ಚಿ, ಸ್ಕ್ರೂ ತೂತುಗಳನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ (ಎರಡು ಭಾಗ ಕಲಸಿದರೆ ಗಟ್ಟಿಯಾಗೋ ಅಂಟು) ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಮತ್ತೆ ಸಣ್ಣ ತೂತು ಕೊರೆದೆವು. ಈಗ ಸ್ಕ್ರೂ ಸಡಿಲಾದರೂ ನೀರು ಚಾವಣಿಯ ಒಳಪದರಕ್ಕೆ ಇಳಿಯಲ್ಲ. ಕಿಟಕಿಗಳನ್ನೂ ಬಿಚ್ಚಿ, ನನ್ನ ಸಿಲಿಕಾನ್ ಎಲ್ಲ ಕೆರೆದು, ಬ್ಯುಟೈಲ್ ಟೇಪ್, ಅಂದರೆ ಮೆತ್ತನೆಯ ರಬ್ಬರಿನ ಅಂಟುಪಟ್ಟಿ, ಹಾಕಿ ಕೂರಿಸಿದೆವು. ಸ್ಕ್ರೂಗಳನ್ನು ಒಂದೇ ದಿನ ಬಿಗಿ ಮಾಡಲಿಲ್ಲ. ಟೇಪು ಹಿಂಡಿಕೊಂಡು ಹೊರಬರಲಿ ಅಂತ ಮೂರು ದಿನ ಸ್ವಲ್ಪ ಸ್ವಲ್ಪ ತಿರುಗಿಸಿದೆವು. ಮತ್ತೆ ಪೈಪು, ಮತ್ತೆ ಸುಣ್ಣದ ಪುಡಿ. ಪುಡಿ ಒಣಗಿ ಉಳಿದ ಮೇಲೇ ಮರ ಮುಟ್ಟಿದ್ದು.

ಮುಖ್ಯ ಬದಲಾವಣೆ ಏನೆಂದರೆ ಫೈಬರಿಗೆ ವೆನೀರ್ ಅಂಟಿಸೋದನ್ನೇ ಬಿಟ್ಟೆವು. ಫೈಬರಿಗೆ ಅಡ್ಡಪಟ್ಟಿಗಳನ್ನು ಎಪಾಕ್ಸಿಯಲ್ಲಿ ಕೂರಿಸಿ, ಅದರ ಮೇಲೆ ಹಲಗೆಗಳನ್ನು ಸ್ಕ್ರೂ ಹಾಕಿ ನಿಲ್ಲಿಸಿದೆವು. ಹಿಂದೆ ಒಂದು ಬೆರಳಿನಷ್ಟು ಸಂದು. ಪಟ್ಟಿಗಳ ನಡುನಡುವೆ ಗಾಳಿಗೆ ದಾರಿ, ಹಲಗೆಯ ಕೆಳಗೂ ಮೇಲೂ ಬಾಯಿ ತೆರೆದದ್ದು. ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಸ್ಟೀಲಿನವು, 304 ದರ್ಜೆ. ಸಮುದ್ರದ ನೀರಾಗಿದ್ದರೆ 316 ಬೇಕಿತ್ತು. ಸ್ಕ್ರೂ ತಲೆ ಕಾಣುತ್ತೆ ಅಂತ ಸಾವ್ಕಾರ್ರು ಗೊಣಗಿದರು. ಹಿತ್ತಾಳೆ ಬಣ್ಣದ ಬಟ್ಟಲು ವಾಷರ್ ಹಾಕಿದ ಮೇಲೆ ಅದೇ ಚಂದ ಅಂದರು.

ಹಲಗೆಗೆ ಐಎಸ್ 710 (ಭಾರತೀಯ ಮಾನಕ) ಮುದ್ರೆಯ 4 ಮಿಲಿಮೀಟರ್ ಮರೈನ್ ಪ್ಲೈ. ಈ ದರ್ಜೆಯ ಪ್ಲೈಯ ಪದರಗಳು 72 ಗಂಟೆ ಕುದಿಸಿದರೂ ಬಿಡಬಾರದು. ಹಾಗಂತ ಅದಕ್ಕೆ ಏನೂ ಆಗಲ್ಲ ಅಂತಲ್ಲ. ಬಿಡದೇ ಇರೋದು ಅಂಟು. ಕತ್ತರಿಸಿದ ಅಂಚಿನಿಂದ ಮರ ನೀರು ಕುಡಿದೇ ಕುಡಿಯುತ್ತೆ. ಅಂಚಿಗೆಲ್ಲ ಮೂರು ಕೋಟ್ ಎಪಾಕ್ಸಿ ಕುಡಿಸಿದೆವು, ಸ್ಕ್ರೂ ತೂತಿನ ಒಳಗೂ.

ವೆನೀರನ್ನು ವರ್ಕ್‌ಶಾಪಿನ ಮೇಜಿನ ಮೇಲೇ ಅಂಟಿಸಿದೆವು. ಎಲೆಗಳನ್ನು ಎರಡು ಹಲಗೆ ನಡುವೆ ಒಂದು ವಾರ ಒಣಗಲು ಬಿಟ್ಟಿದ್ದೆವು. ಸಾಗವಾನಿಯಲ್ಲಿ ಎಣ್ಣೆ ಜಾಸ್ತಿ, ಅಸಿಟೋನಿನಲ್ಲಿ ಒರೆಸಿ ಕೂಡಲೇ ಅಂಟಿಸಬೇಕು. ಎಪಾಕ್ಸಿ ತೆಳುವಾಗಿ ರೋಲರಿನಲ್ಲಿ, ಮೇಲೆ ಎಲೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ದಪ್ಪ ಹಲಗೆ. ತೂಕಕ್ಕೆ ಶಹಾಬಾದ್ ಫರ್ಸಿ ಕಲ್ಲು. ಎರಡಡಿ ಚೌಕದ ಒಂದಿಂಚಿನ ಫರ್ಸಿ 25 ಕೆ.ಜಿ. ಹತ್ತಿರ ತೂಗುತ್ತೆ, ಪ್ರತಿ ಹಲಗೆ ಮೇಲೆ ಆರೆಂಟು ಹೇರಿದೆವು. ನಮ್ಮೂರಲ್ಲಿ ಇದಕ್ಕಿಂತ ಅಗ್ಗದ ಪ್ರೆಸ್ ಸಿಗಲ್ಲ. ಹಿಂದಿನ ಮುಖಕ್ಕೂ ಒಂದು ಅಗ್ಗದ ಎಲೆ ಅಂಟಿಸಿದೆವು. ಒಂದೇ ಕಡೆ ಅಂಟಿಸಿದರೆ ತೆಳು ಹಲಗೆ ಹಪ್ಪಳದ ಹಾಗೆ ಸೊಟ್ಟಗಾಗುತ್ತೆ.

ಎಪಾಕ್ಸಿ ಒಂದು ಪಾಠ ಕಲಿಸಿತು. ಮೇ ತಿಂಗಳ ಬೆಳಿಗ್ಗೆ ಹತ್ತಕ್ಕೆ ಹುಡುಗ ಒಂದು ಮಗ್ಗಿನ ತುಂಬ ಕಲಸಿದ. ಐದು ನಿಮಿಷಕ್ಕೆ ಮಗ್ ಬಿಸಿಯಾಯಿತು, ಎಂಟನೇ ನಿಮಿಷಕ್ಕೆ ಹೊಗೆ, ಆಮೇಲೆ ಮಗ್ಗೇ ಕರಗಿ ಸೊಟ್ಟಗಾಯಿತು. ಗಟ್ಟಿಯಾಗುವಾಗ ಅದು ತಾನೇ ಬಿಸಿ ಹುಟ್ಟಿಸುತ್ತೆ. ಆಳದ ಪಾತ್ರೆಯಲ್ಲಿ ಆ ಬಿಸಿ ಹೊರಗೆ ಹೋಗಲ್ಲ. ಮರುದಿನದಿಂದ ಬೆಳಗಿನ ಐದಕ್ಕೆ ಕೆಲಸ, ಅಗಲ ತಟ್ಟೆಯಲ್ಲಿ ಕಾಲು ಕಾಲು ಕೆ.ಜಿ. ಮಾತ್ರ.

ಪಕ್ಕೆಯ ತುದಿಯಲ್ಲಿ ಮೈ ಎರಡು ಕಡೆಗೂ ಬಾಗುವ ಜಾಗವಿತ್ತು. ಅಲ್ಲಿ ಹಲಗೆ ಕೂರಲ್ಲ. ಅಲ್ಲಿಗೆ ಎರಡು ಬೆರಳಗಲದ ಗಟ್ಟಿ ಸಾಗವಾನಿ ಪಟ್ಟಿಗಳನ್ನು ಸಂದು ಬಿಟ್ಟು ಹೊಡೆದೆವು. ವೆನೀರ್ ಒಲ್ಲದ ಜಾಗಕ್ಕೆ ವೆನೀರ್ ಹಾಕದಿರೋದೂ ಒಂದು ಕೆಲಸವೇ ಅಂತ ಆಗ ಅನ್ನಿಸಿತು.

ಹಳೆಯ ಕಟ್ಟಿನ ಎಲೆ ಮತ್ತೆ ಸಿಗಲಿಲ್ಲ. ಹೊಸ ದಿಮ್ಮಿಯ ಬಣ್ಣವೇ ಬೇರೆ. ಉಳಿದಿದ್ದ ನಾಲ್ಕು ಹಳೆ ಎಲೆಗಳನ್ನು ಮುಂದಿನ ಅಡ್ಡಗೋಡೆಗೆ, ಹೊಸದನ್ನು ಎರಡೂ ಪಕ್ಕೆಗೆ ಹಾಕಿ, ನಡುವೆ ಕಡುಕಂದು ಪಟ್ಟಿ ಹೊಡೆದೆವು. ಬೇಕಂತಲೇ ಮಾಡಿದ ಹಾಗೆ ಕಾಣುತ್ತೆ. ಪಾಲಿಶ್ ಈ ಸಲ ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್), ಹೊಳಪು ಕಮ್ಮಿ ಇರೋದು. ಹೊಳಪಿದ್ದರೆ ಸಣ್ಣ ಉಬ್ಬೂ ನೀರಿನ ಬೆಳಕಿಗೆ ಎದ್ದು ಕಾಣುತ್ತೆ.

ಆಮೇಲೆ

ಎರಡು ಬೇಸಿಗೆ ಕಳೆದಿವೆ. ಹೋದ ಮೇನಲ್ಲಿ ಹೋಗಿ ಎಡಗಡೆಯ ಹಲಗೆ ಬಿಚ್ಚಿದೆ, ಆರು ಸ್ಕ್ರೂ, ಐದು ನಿಮಿಷ. ಹಿಂದೆ ಧೂಳು, ಒಂದು ಸತ್ತ ಜೇಡ. ಒಣಗಿತ್ತು. ನಾಣ್ಯ ಬಡಿದು ನೋಡಿದೆ, ಒಂದೇ ಒಂದು ಕಡೆ ಟೊಳ್ಳು ಸದ್ದು, ಬಾಗಿಲ ಪಕ್ಕ, ಅಂಗೈ ಅಗಲ. ಆ ಹಲಗೆಯನ್ನಷ್ಟೇ ವರ್ಕ್‌ಶಾಪಿಗೆ ತಂದು ಸರಿ ಮಾಡಿ ಕಳಿಸಿದೆ. ಕಪಾಟಿನ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಹಿಡಿಯುತ್ತೆ, ಅದನ್ನು ನಾನು ಮೊದಲ ಸಲದ್ದೇ ಉಳಿಸಿಕೊಂಡಿದ್ದೆ. ಕ್ಯಾಬಿನ್ ಚಾವಣಿಗೆ ಸಣ್ಣ ಸೋಲಾರ್ ಫ್ಯಾನ್ ಹಾಕಿಸಿದ್ದಾರೆ. ಮಧ್ಯಾಹ್ನದ ಬಿಸಿ ಎಷ್ಟೋ ಇಳಿದಿದೆ.

ಈಗ ಯಾವುದೇ ಹಳೆಯ ಮರದ ಕೆಲಸಕ್ಕೆ ಕರೆದರೂ, ಮನೆಯಾಗಲಿ ಅಂಗಡಿಯಾಗಲಿ, ರೇಟು ಹೇಳೋ ಮುಂಚೆ ಒಂದು ಹಲಗೆ ಬಿಚ್ಚಿ ಹಿಂದೆ ನೋಡ್ತೀನಿ. ಕೆಲವರು ಅನುಮಾನದಿಂದ ನೋಡುತ್ತಾರೆ. ನೋಡಲಿ.

ಟೇಬಲ್ ಮಾತ್ರ ಹಾಗೇ ಇದೆ. ಸರಿ ಮಾಡಿಕೊಡ್ತೀನಿ ಅಂತ ಎರಡು ಸಲ ಹೇಳಿದೆ. ಸಾವ್ಕಾರ್ರು ಬೇಡ ಅಂದರು. ಹಿಂದಿನ ಅಂಚಿಗೆ ಒಂದು ಪಟ್ಟಿ ಹೊಡೆಸಿಕೊಂಡಿದ್ದಾರೆ. ಚಹಾ ಲೋಟ ಮೆಲ್ಲಗೆ ಜಾರಿ ಬಂದು ಆ ಪಟ್ಟಿಗೆ ತಾಗಿ ಟಣ್ ಅಂತ ನಿಲ್ಲುತ್ತೆ. ಬಂದವರಿಗೆಲ್ಲ ಅದನ್ನು ತೋರಿಸಿ, ಮಾಡಿದವನು ಯಾರು ಅಂತ ನನ್ನ ಹೆಸರು ಹೇಳುತ್ತಾರಂತೆ.